ನನ್ನ ಪಾಲಿನ ಬೆಲ್ಲದ ತುಂಡು

ದೆಹಲಿ, ಹಾಸ್ಟೆಲ್
ನವೆಂಬರ್ ೨೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಇಜಾ,

ನಿನ್ನ ಕಾಲು ಮುಟ್ಟಿ ನಮಸ್ಕಾರ. ಆಮಾಳಿಗೂ ಒಂದು ನಮಸ್ಕಾರ ಹೇಳು ಎಂದು ಬರೆಯಬೇಕು, ಆದರೆ ಹೇಳಬೇಡ. ಹೇಳಿದರೆ ಪತ್ರ ಬಂದಿದೆ ಎಂದು ಅಜ್ಜಿಗೆ ಗೊತ್ತಾಗುತ್ತದೆ, ಗೊತ್ತಾದರೆ ಬಾಬುವಿನ ಕೈಯಲ್ಲಿ ಗಟ್ಟಿಯಾಗಿ ಓದಿಸುತ್ತಾಳೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಸ್ಪೀಕರ್ ಹಾಕುತ್ತೀಯ, ಇಜಾ. ಸಿಗ್ನಲ್ ಸಿಗಲೆಂದು ಮಹಡಿಯ ಅಂಚಿಗೆ ಹೋಗಿ ಕೈ ಮೇಲೆತ್ತಿ ಹಿಡಿಯುತ್ತೀಯ. ನಾನಿಲ್ಲಿ ಕೆಮ್ಮಿದರೆ ಕೆಳಗಿನ ಗದ್ದೆಯವರು "ಕನೂಗೆ ಶೀತಾನಾ" ಎಂದು ಕೇಳುತ್ತಾರೆ. ಅದಕ್ಕೇ ಅಂಗನವಾಡಿಯ ಗಂಗೋತ್ರಿ ಕಾಕಿಯ ವಿಳಾಸಕ್ಕೆ ಹಾಕಿದ್ದೇನೆ. ಓದಿ ಒಲೆಗೆ ಹಾಕಿಬಿಡು. ಕಾಗುಣಿತ ನೋಡಿ ನಗಬೇಡ. ಐದನೇ ಕ್ಲಾಸಿಗೇ ನೈನಿತಾಲಿನ ಹಾಸ್ಟೆಲಿಗೆ ಹಾಕಿದ ಅಪ್ಪ ಅಮ್ಮ ಬಾಬುವೂ ನೀನೂ, ನನ್ನ ಮಾತು ಅರ್ಧ ಇಂಗ್ಲಿಷ್ ಆದ ಮೇಲೆ ಮೇಮ್‌ಸಾಬ್ ಎಂದು ಅಣಕಿಸುವವಳೂ ನೀನೇ.

ನೀನು ಕಳಿಸಿದ ಬೆಲ್ಲದ ಡಬ್ಬಿ ಹೋದ ವಾರ ತಲುಪಿತು. ಬಟ್ಟೆ ಸುತ್ತಿ ಹೊಲಿದವರು ಬಾಬು ಎಂದು ಹೊಲಿಗೆ ನೋಡಿದೊಡನೆ ಗೊತ್ತಾಯಿತು. ಠಾಣೆಯಲ್ಲಿ ಜಪ್ತಿ ಮಾಡಿದ ಮಾಲನ್ನು ಹೊಲಿಯುವ ಹಾಗೆಯೇ ಹೊಲಿದಿದ್ದಾರೆ, ಅರಗಿನ ಮುದ್ರೆ ಒಂದು ಬಾಕಿ. ಮೇಲೆ ದಪ್ಪ ಅಕ್ಷರದಲ್ಲಿ ತಮ್ಮ ಹೆಸರು, ಹೆಡ್ ಕಾನ್‌ಸ್ಟೇಬಲ್ ಎಂಬ ಹುದ್ದೆಯ ಸಮೇತ. ಹಲ್ದ್ವಾನಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟವರೂ ಅವರೇ. ಆ ಬೆಲ್ಲದಲ್ಲಿ ನೀನು ಏನು ಕಲಸಿದ್ದೀಯ ಎಂಬುದು ನನಗೆ ಈಗ ಗೊತ್ತಿದೆ. ಬಾಬುವಿಗೆ ಗೊತ್ತಿಲ್ಲ ಎಂಬುದೂ ಗೊತ್ತಿದೆ. ನಿನ್ನ ಮೇಲೆ ಸಿಟ್ಟಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದದೆ ಅಳುತ್ತ ಕೂರುತ್ತೀಯ.

ಸುಳ್ಳು ಶುರುಮಾಡಿದವಳು ನಾನು. ಆಗಸ್ಟಿನಲ್ಲಿ ಗ್ಯಾಸ್ ಟ್ರಬಲ್ ಎಂದು ಹೇಳಿದೆನಲ್ಲ, ಅದು ಗ್ಯಾಸ್ ಅಲ್ಲ. ಜಿಯಾಗ್ರಫಿ ಲ್ಯಾಬಿನಲ್ಲಿ ನಕ್ಷೆ ಬಿಡಿಸುತ್ತ ನಿಂತವಳು ಮೇಜಿನ ಕೆಳಗೆ ಬಿದ್ದಿದ್ದೆ. ನನ್ನ ರೂಮ್‌ಮೇಟ್ ಪ್ರಬ್ಲೀನ್, ಲುಧಿಯಾನದ ಹುಡುಗಿ, ನನ್ನನ್ನು ಆಟೋದಲ್ಲಿ ತುಂಬಿಕೊಂಡು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಸ್ಕ್ಯಾನ್ ಮಾಡಿದರು. ಎಡಗಡೆಯ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಒಂದು ಚೀಲ ಇದೆಯಂತೆ. ಕಾಯಿಲೆಗೆ ಎಂಡೋಮೆಟ್ರಿಯೋಸಿಸ್ ಎಂದು ಹೆಸರು. ಹೆಸರು ಬಾಯಲ್ಲಿ ಹೊರಳದಿದ್ದರೆ ಬಿಡು, ನನಗೂ ಮೊದಲು ಹೊರಳಲಿಲ್ಲ.

ಡಾಕ್ಟರ್ ಭಾದುರಿ ಎಂಬ ಬಂಗಾಳಿ ಹೆಂಗಸು. ಕಾಗದದ ಮೇಲೆ ಪೇರಲೆ ಹಣ್ಣಿನ ಹಾಗೆ ಗರ್ಭಕೋಶ ಬರೆದು ಹೇಳಿದರು: "ನೋಡಮ್ಮ, ಇದರ ಒಳಗಡೆ ಬೆಳೀಬೇಕಾದ ಪದರ ನಿಂಗೆ ಹೊರಗಡೆನೂ ಬೆಳೆದುಬಿಟ್ಟಿದೆ. ಒಳಗಿಂದು ತಿಂಗಳಿಗೊಂದ್ಸಲ ಕರಗಿ ಆಚೆ ಹೋಗುತ್ತೆ. ಹೊರಗಿಂದಕ್ಕೆ ಹೋಗೋಕೆ ದಾರಿ ಇಲ್ಲ. ಅಲ್ಲೇ ರಕ್ತ ಬಿಡುತ್ತೆ, ಅಲ್ಲೇ ಕಟ್ಕೊಳುತ್ತೆ, ಕರುಳು ಗಿರುಳು ಎಲ್ಲಾ ಒಂದಕ್ಕೊಂದು ಅಂಟಿಸಿಬಿಡುತ್ತೆ." ಆಮಾ ಜಗಳದಲ್ಲಿ ಶಾಪ ಹಾಕುತ್ತಾಳಲ್ಲ, ನಿನ್ನ ಮನೇಲಿ ಭಂಗಿ ಮೊಳೀಲಿ ಅಂತ, ನನಗೆ ಅದೇ ನೆನಪಾಯಿತು. ಪಾಳುಬಿದ್ದ ಮನೆಯ ಗೋಡೆಯಲ್ಲಿ ಯಾರೂ ಬಿತ್ತದೆ ಮೊಳೆಯುವ ಗಿಡ. ಯಾರ ಜಗಳದ ಶಾಪ ನನ್ನ ಹೊಟ್ಟೆಗೆ ಬಂತೋ ಎಂದು ಅಲ್ಲೇ ಕುಳಿತು ಯೋಚಿಸಿದೆ. ಹಾಸ್ಟೆಲಿನಲ್ಲಿ ಕಲಿತ ಸೈನ್ಸ್ ಎಲ್ಲ ಎಲ್ಲಿಗೆ ಹೋಯಿತೋ ಕಾಣೆ.

ಹಾರ್ಮೋನ್ ಮಾತ್ರೆ ಕೊಟ್ಟರು. ತಿಂದ ಪ್ರತಿದಿನ ವಾಂತಿ, ತಲೆನೋವು, ಸುಮ್ಮಸುಮ್ಮನೆ ಅಳು. ನಿಲ್ಲಿಸಿದರು. ಆಪರೇಷನ್ ಮಾಡಬಹುದು, ಆದರೆ ಕೆಲವರಿಗೆ ಮತ್ತೆ ಬೆಳೆಯುತ್ತದೆ, ಈ ವಯಸ್ಸಿಗೆ ಕೊಂಚ ಕಾಯೋಣ ಎಂದರು. ಆಮೇಲೆ ಒಂದು ವಿಷಯ ಹೇಳಿದರು, ಅದನ್ನು ಕೇಳಿ ನನಗೆ ನಗು ಬಂತು. ಅವರ ವಿಭಾಗದಲ್ಲಿ ಒಂದು ಅಧ್ಯಯನ ನಡೆಯುತ್ತಿದೆ, ಇದೇ ಕಾಯಿಲೆಯ ಹೆಂಗಸರಿಗೆ ಭಂಗಿ ಗಿಡದಿಂದ, ಅದೇ ಗಾಂಜಾದಿಂದ, ತೆಗೆದ ಎಣ್ಣೆ ಕೊಟ್ಟು ನೋಡುತ್ತಿದ್ದಾರೆ. ನಮ್ಮ ಮೈಯಲ್ಲೇ ನೋವನ್ನು ಏರಿಸಿ ಇಳಿಸುವ ಒಂದು ವ್ಯವಸ್ಥೆ ಇದೆಯಂತೆ, ಆ ಗಿಡದ ಸತ್ವ ಅದನ್ನು ಹೋಗಿ ತಟ್ಟುತ್ತದಂತೆ. "ಗುಣ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಎಷ್ಟೋ ಜನ ಹೆಂಗಸ್ರು ಕಮ್ಮಿ ಆಯ್ತು ಅಂತಾರೆ. ನಿಜವಾಗ್ಲೂ ಆಗುತ್ತಾ, ಎಷ್ಟು ಕೊಟ್ರೆ ಆಗುತ್ತೆ, ಅದನ್ನ ತಿಳ್ಕೋಬೇಕು," ಎಂದರು. ನಾನು ಕುಮಾವೂನ್ ಬೆಟ್ಟದವಳು ಎಂದೆ. "ಹಾಗಾದ್ರೆ ನಿಮ್ಮ ಹಿತ್ತಲಲ್ಲೇ ಇದೆ," ಎಂದು ಅವರೂ ನಕ್ಕರು.

ಆ ಅಧ್ಯಯನದಲ್ಲಿ ಅರ್ಧ ಜನಕ್ಕೆ ನಿಜವಾದ ಎಣ್ಣೆ, ಅರ್ಧ ಜನಕ್ಕೆ ಬರೀ ಎಣ್ಣೆ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲ. ನೀನು ಬೈಯುತ್ತೀಯ ಎಂದು ಗೊತ್ತು, ನೋವಲ್ಲಿರೋರಿಗೆ ಬರೀ ಎಣ್ಣೆ ಕೊಟ್ಟು ಪರೀಕ್ಷೆ ಮಾಡೋರು ಎಂಥ ಡಾಕ್ಟರ್ರು ಅಂತ. ಆದರೆ ಅದು ಮುಗಿದ ಮೇಲೆ ಬರೀ ಎಣ್ಣೆ ಕುಡಿದವರಿಗೂ ನಿಜವಾದದ್ದನ್ನು ಒಂದು ವರ್ಷ ಕೊಡುತ್ತಾರೆ, ಅಳತೆ ಹಾಕಿ, ಚೀಟಿ ಬರೆದು, ಯಾರಿಗೂ ಹೆದರದೆ. ನನಗೆ ಬೇಕಾದದ್ದು ಅಷ್ಟೇ. ಹೆದರದೆ. ನಿಯಮ ಒಂದೇ, ಸೇರುವ ಹೊತ್ತಿಗೆ ಮೈಯಲ್ಲಿ ಆ ಗಿಡದ ಅಂಶ ಒಂಚೂರೂ ಇರಬಾರದು. ನನಗೇನು, ನಾನು ಸಿಗರೇಟಿನ ಹೊಗೆಗೂ ಮುಖ ತಿರುಗಿಸುವವಳು. ದೀಪಾವಳಿ ರಜೆ ಮುಗಿಸಿ ಬಂದು ಸೇರುತ್ತೇನೆ ಎಂದು ಸಹಿ ಹಾಕಿ ಊರಿಗೆ ಬಂದೆ.

ಊರಿಗೆ ಬಂದ ಮಾರನೆಯ ದಿನವೇ ಹೊರಗಾದೆ. ನೀನು ಮುಖ ನೋಡಿಯೇ ಕೆಳಗಿನ ಕೊಟ್ಟಿಗೆಯ ಪಕ್ಕದ ಕೋಣೆಗೆ ಕಂಬಳಿ ಹಾಕಿದೆ. ಕಾಲೇಜು ಓದುವ ಹುಡುಗಿಯನ್ನು ಈಗಲೂ ಅಲ್ಲಿ ಕೂರಿಸುತ್ತಾರೆ ಎಂದು ಪ್ರಬ್ಲೀನಳಿಗೆ ನಾನು ಇವತ್ತಿಗೂ ಹೇಳಿಲ್ಲ. ಬೆಂಕಿಯ ಹತ್ತಿರ ಬರಬಾರದು, ನೀರಿನ ಕೊಡ ಮುಟ್ಟಬಾರದು, ಹಾಲು ಕುಡಿಯಬಾರದು. ಗೋಡೆಯ ಆಚೆ ಹಸು, ಈಚೆ ನಾನು, ತಲೆಯ ಮೇಲೆ ಹಲಗೆಯ ಮೇಲೆ ಆಮಾಳ ಹೆಜ್ಜೆ. ನೋವು ಬಂದಾಗ ಕಂಬಳಿ ಕಚ್ಚಿದೆ. ಅಜ್ಜಿಗೆ ಅದೂ ಕೇಳಿಸಿತು. "ಪೇಟೆ ಹುಡ್ಗೀರಿಗೆ ಹೊಟ್ಟೆನೋವು ಅನ್ನೋದೊಂದು ಫ್ಯಾಷನ್ನು. ನಾನು ಹೊರಗಾದ ದಿನಾನೇ ಎರಡು ಹೊರೆ ಹುಲ್ಲು ಹೊತ್ತಿದೀನಿ," ಎಂದಳು. ನೀನು ಮೆಟ್ಟಿಲ ಮೇಲಿಂದ, "ಅದಕ್ಕೇ ಅತ್ತೆ, ಈಗ ನಿಮ್ಮ ಸೊಂಟ ಯಾರ ಮಾತೂ ಕೇಳಲ್ಲ," ಎಂದೆ. ನಾನು ಕಂಬಳಿಯೊಳಗೇ ನಕ್ಕೆ.

ಆಮೇಲೆ ಚಹಾ ತಂದೆ. ಕರಿ ಚಹಾ, ಸಪ್ಪೆ. ಬೆಲ್ಲವನ್ನು ನನ್ನ ಅಂಗೈಗೆ, ನಿನ್ನ ಕೈ ತಾಗದ ಹಾಗೆ, ಮೇಲಿಂದ ಬೀಳಿಸಿದೆ. ಮೇಲೆ ಎಲ್ಲರಿಗೂ ಬೆಲ್ಲ ಡಬ್ಬಿಯಿಂದ ಬಂತು, ನನ್ನದು ನಿನ್ನ ಸೆರಗಿನ ಗಂಟಿನಿಂದ. ನಾನು ಅದನ್ನು ಪ್ರೀತಿ ಎಂದುಕೊಂಡೆ. ಪ್ರೀತಿಯೇ ಹೌದು, ಬಿಡು. ಕಚ್ಚಿದರೆ ಸ್ವಲ್ಪ ಕಹಿ. ಬೆಲ್ಲ ತಳ ಹಿಡಿದಿರಬೇಕು ಎಂದುಕೊಂಡು ನುಂಗಿದೆ. ಒಂದು ಗಂಟೆಯೋ ಎರಡೋ ಕಳೆಯಿತು. ನೋವು ಹೋಗಲಿಲ್ಲ, ಆದರೆ ಎದ್ದು ಪಕ್ಕದ ಮನೆಗೆ ಹೋಗಿ ಕುಳಿತ ಹಾಗಾಯಿತು. ಅದು ಅಲ್ಲಿದೆ, ಗೊಣಗುತ್ತಿದೆ, ನನಗೆ ಸಂಬಂಧವಿಲ್ಲ. ಹಸು ಮೆಲುಕು ಹಾಕುವುದನ್ನು ಕೇಳುತ್ತ ಮಲಗಿದೆ. ಮುಟ್ಟು ಶುರುವಾದಂದಿನಿಂದ ಆ ದಿನಗಳಲ್ಲಿ ನಾನು ನಿದ್ದೆ ಮಾಡಿದ್ದೇ ಅದು ಮೊದಲು, ಇಜಾ. ಮರುದಿನವೂ ನೀನು ಬೆಲ್ಲ ಬೀಳಿಸಿದೆ, ಅದರ ಮರುದಿನವೂ. ನಾನು ಊರಿನ ಗಾಳಿ, ಊರಿನ ನೀರು, ಅಮ್ಮನ ಕೈ ಎಂದೆಲ್ಲ ಡೈರಿಯಲ್ಲಿ ಬರೆದುಕೊಂಡೆ. ಎಂಥ ಪೆದ್ದಿ.

ಅದೇ ವಾರ ಬಾಬು ಠಾಣೆಯ ಜೀಪಿನಲ್ಲಿ ಹಳ್ಳಿಹಳ್ಳಿಯ ಭಂಗಿ ಕಡಿಸಲು ಹೋಗಿದ್ದರು. ನೀನೂ ಆಮಾಳೂ ಅಂಗಳದಲ್ಲಿ ನಮ್ಮ ನಾಲ್ಕು ಗಿಡದ ಬೀಜ ಬಡಿಯುತ್ತಿದ್ದಿರಿ, ಚಳಿಗಾಲದ ಚಟ್ನಿಗೆ. ಕಿಟಕಿಯಿಂದ ಕಾಣುತ್ತಿತ್ತು. ಆಮಾ ಅಂಗೈಗೆ ಅಂಟಿದ ಕಪ್ಪು ಮೇಣವನ್ನು ಬೂದಿ ಹಾಕಿ ತಿಕ್ಕಿ ತೊಳೆದಳು. ನೀನು ತೊಳೆಯಲಿಲ್ಲ, ಒಂದು ಕೈಯಿಂದ ಇನ್ನೊಂದು ಕೈಯನ್ನು ಉಜ್ಜಿ ಉಜ್ಜಿ ಏನನ್ನೋ ಎಲೆಯ ಮೇಲೆ ಉದುರಿಸಿದೆ. ಹೆಡ್ ಕಾನ್‌ಸ್ಟೇಬಲ್ ಮಗಳಾಗಿ ಅದು ಚರಸ್ ಎಂದು ನನಗೆ ಹೊಳೆಯಬೇಕಿತ್ತು. ಅಮ್ಮನ ಕೈ ಎಂದರೆ ಹಾಗೆಲ್ಲ ಹೊಳೆಯುವುದಿಲ್ಲ.

ದೆಹಲಿಗೆ ಬಂದು ಮೂತ್ರ ಪರೀಕ್ಷೆಗೆ ಕೊಟ್ಟೆ. ಲಿಸ್ಸಿ ಸಿಸ್ಟರ್ ಎಂಬ ಕೇರಳದ ನರ್ಸ್ ಮೂತ್ರದಲ್ಲಿ ಅದ್ದಿದ ಪಟ್ಟಿ ನೋಡಿ ನನ್ನ ಮುಖ ನೋಡಿದರು. "ಮೋಳೇ, ಮಗಳೇ, ಏನಾದ್ರೂ ಸೇದ್ತೀಯಾ?" ಇಲ್ಲ ಎಂದೆ. "ಬಾಯ್‌ಫ್ರೆಂಡ್ ಸೇದ್ತಾನಾ?" ಬಾಯ್‌ಫ್ರೆಂಡೇ ಇಲ್ಲ ಎಂದೆ. "ಎಲ್ರೂ ಹಾಗೇ ಅನ್ನೋದು," ಎಂದು ಇನ್ನೊಂದು ಪಟ್ಟಿ ಅದ್ದಿದರು. ಅದೂ ಅದನ್ನೇ ಹೇಳಿತು. ಬಾಬುವಿನ ಕೆಲಸ, ಕಾಲೇಜು, ಪೇಪರಿನಲ್ಲಿ ಹೆಸರು, ಎಲ್ಲವೂ ಒಂದೇ ಸಲ ಕಣ್ಣ ಮುಂದೆ ಬಂತು. ಚಟ್ನಿ ತಿಂದಿದ್ದೆ ಸಿಸ್ಟರ್, ಭಂಗಿ ಬೀಜದ ಚಟ್ನಿ, ನಮ್ಮೂರಲ್ಲಿ ಎಲ್ಲರೂ ತಿನ್ನುತ್ತಾರೆ ಎಂದು ಅತ್ತೆ. ಡಾಕ್ಟರ್ ಭಾದುರಿ ಬಂದು, ಬೀಜದಲ್ಲಿ ಆ ಅಂಶ ಇರುವುದೇ ಇಲ್ಲವೆನ್ನುವಷ್ಟು ಕಡಿಮೆ, ಇಷ್ಟು ಜೋರಾಗಿ ತೋರಿಸುವುದಿಲ್ಲ ಎಂದರು. ಬೈಯಲಿಲ್ಲ. ಆಸ್ಪತ್ರೆಯ ಕಾಗದ ಆಸ್ಪತ್ರೆಯಲ್ಲೇ ಇರುತ್ತದೆ ಎಂದರು. ಹೆಸರು ಮಾತ್ರ ಹೊಡೆದುಹಾಕಬೇಕಾಯಿತು.

ನಾನು ಅಲ್ಲಿಂದ ಏಳಲಿಲ್ಲ. ಆಗ ಅವರು ಒಂದು ದಾರಿ ಹೇಳಿದರು. ಇನ್ನು ಎರಡು ಸಲ ಹೊರಗಾಗುವವರೆಗೆ ಮಾಮೂಲಿ ನೋವಿನ ಮಾತ್ರೆ ಬಿಟ್ಟು ಬೇರೇನೂ ಮುಟ್ಟದೆ ಇದ್ದು, ನೋವನ್ನು ದಿನದಿನವೂ ಬರೆದಿಟ್ಟು, ಜನವರಿಯಲ್ಲಿ ಶುದ್ಧವಾಗಿ ಬಂದರೆ ಮತ್ತೆ ಸೇರಿಸಿಕೊಳ್ಳುತ್ತಾರೆ. ಆಮೇಲೆ ಬಾಗಿಲು ಮುಚ್ಚುತ್ತದೆ. ನನ್ನ ನೋವು ಆ ಮಾತ್ರೆಗೆ ಎಷ್ಟು ಕೇಳುತ್ತದೆ ಎಂದು ನೀನೇ ನೋಡಿದ್ದೀಯ. ನೋವಿನ ಔಷಧಿ ಬೇಕಾದರೆ ಮೊದಲು ಔಷಧಿಯಿಲ್ಲದೆ ನೋವು ತಿನ್ನಬೇಕು. ಆಗಲಿ ಎಂದು ಬಂದೆ.

ಅದಾಗಿ ನಾಲ್ಕು ದಿನಕ್ಕೆ ನಿನ್ನ ಡಬ್ಬಿ ಬಂತು. ಇನ್ನೂ ನನಗೇನೂ ಹೊಳೆದಿರಲಿಲ್ಲ. ಪ್ರಬ್ಲೀನಳಿಗೆ ನಮ್ಮೂರಿನ ಚಹಾದ ಪದ್ಧತಿ ಹೇಳಿಕೊಟ್ಟಿದ್ದೆ, ಸಕ್ಕರೆ ಹಾಕಬಾರದು, ಬೆಲ್ಲವನ್ನು ಅಂಗೈಯಲ್ಲಿಟ್ಟುಕೊಂಡು ಕಚ್ಚಿ ಕಚ್ಚಿ ಕುಡಿಯಬೇಕು ಎಂದು. ಅವಳು ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಒಂದಲ್ಲ, ಎರಡು ತುಂಡು ಕಚ್ಚಿದ್ದಾಳೆ. ಕ್ಲಾಸಿನಲ್ಲಿ ಮೇಡಂ ಮಣ್ಣಿನ ಸವಕಳಿಯ ಬಗ್ಗೆ ಹೇಳುತ್ತಿದ್ದರೆ ಇವಳಿಗೆ ತಡೆಯಲಾರದ ನಗು. ಹೊರಗೆ ಕಳಿಸಿದರು. ಮೆಟ್ಟಿಲ ಮೇಲೆ ಕುಳಿತು, "ಕನು, ನನ್ನ ಮೊಣಕಾಲು ಎಷ್ಟು ದೂರ ಇದೆ ನೋಡೇ," ಎಂದಳು. ಆಮೇಲೆ ಸಂಜೆಯವರೆಗೂ ನಿದ್ದೆ. ಎದ್ದು, "ನಿಮ್ಮಮ್ಮ ಬೆಲ್ಲಕ್ಕೆ ಏನ್ ಹಾಕ್ತಾರೆ ಮಾರಾಯ್ತಿ?" ಎಂದು ಕೇಳಿದಳು. ಅವಳು ತಮಾಷೆಗೆ ಕೇಳಿದ್ದು. ನಾನು ಡಬ್ಬಿ ತೆಗೆದು ಮೂಸಿದೆ. ಕೊಟ್ಟಿಗೆಯ ಕೋಣೆ, ಕರಿ ಚಹಾ, ನಿನ್ನ ಸೆರಗು, ಎಲ್ಲ ಬಂತು. ತಳ ಹಿಡಿದ ಬೆಲ್ಲವಲ್ಲ ಅದು.

ಅವತ್ತಿನಿಂದ ಡಬ್ಬಿ ನನ್ನ ಕಪಾಟಿನಲ್ಲಿ ಬಟ್ಟೆಗಳ ಹಿಂದೆ ಇದೆ. ವಾರ್ಡನ್ ಹೀಟರ್ ಹುಡುಕಲು ಯಾವಾಗ ಬೇಕಾದರೂ ಕಪಾಟು ತೆಗೆಸುತ್ತಾರೆ. ಕಾರಿಡಾರಿನಲ್ಲಿ ಚಪ್ಪಲಿ ಸದ್ದಾದರೆ ಪುಸ್ತಕ ಬಿಟ್ಟು ಎದ್ದು ಕಪಾಟಿಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ಮೇಲೆ ಬಾಬುವಿನ ಹೆಸರು, ಹುದ್ದೆ, ಅವರದೇ ಅಕ್ಷರ. ಸಿಕ್ಕಿಬಿದ್ದರೆ ಅವರ ಕೆಲಸ ಹೋಗುತ್ತದೆ, ಅವರಿಗೆ ಯಾಕೆ ಹೋಯಿತು ಎಂದೂ ತಿಳಿಯುವುದಿಲ್ಲ. ಬಟ್ಟೆ ಹರಿದು ಹಾಕಿದೆ. ಬೆಲ್ಲ ಎಸೆಯಲಿಲ್ಲ.

ಯಾಕೆ ಎಸೆಯಲಿಲ್ಲ ಎಂದು ನಿನಗೆ ಗೊತ್ತಾಗಿರುತ್ತದೆ. ಇವತ್ತು ಬೆಳಿಗ್ಗೆ ಹೊರಗಾಗಿದ್ದೇನೆ. ಮಂಗಳವಾರದಿಂದ ಪರೀಕ್ಷೆ. ಈ ಪತ್ರದಲ್ಲಿ ಅಕ್ಷರ ಎಲ್ಲೆಲ್ಲಿ ಓರೆಯಾಗಿದೆಯೋ ಅಲ್ಲೆಲ್ಲ ನೋವು ಬಂದು ಹೋಗಿದೆ ಎಂದು ತಿಳಿದುಕೋ. ಮಾತ್ರೆ ನುಂಗಿದ್ದೇನೆ, ಅದು ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಸುಮ್ಮನೆ ಕೂತಿದೆ. ಮೂರು ಹೆಜ್ಜೆ ಆಚೆ ಕಪಾಟು. ಒಂದು ತುಂಡು ಕಚ್ಚಿದರೆ ಪರೀಕ್ಷೆ ಬರೆಯಬಹುದು, ಆದರೆ ಜನವರಿಯ ಬಾಗಿಲು ಮುಚ್ಚುತ್ತದೆ, ಆಮೇಲೆ ನನ್ನ ಜೀವನವೆಲ್ಲ ಕದ್ದು ಕಚ್ಚುವ ಬೆಲ್ಲವೇ. ಕಚ್ಚದಿದ್ದರೆ ಪರೀಕ್ಷೆ ಏನಾಗುತ್ತದೋ, ನಾನೇನಾಗುತ್ತೇನೋ. ಎರಡು ಸಲ ಎದ್ದು ಕಪಾಟಿನ ಹಿಡಿ ಹಿಡಿದು ನಿಂತು ಬಂದೆ.

ಇಲ್ಲಿ ಪೆನ್ನು ಇಟ್ಟು ಎದ್ದು ಹೋಗಿದ್ದೆ, ಇಜಾ.

ಮಾಡಿಬಿಟ್ಟೆ. ಡಬ್ಬಿಯನ್ನು ಬಚ್ಚಲಿಗೆ ತೆಗೆದುಕೊಂಡು ಹೋಗಿ ಗೀಸರಿನ ನೀರು ತುಂಬಿಸಿದೆ. ಬೆಲ್ಲ ಬೇಗ ಕರಗುವುದಿಲ್ಲ, ಕೈಯಿಂದ ಕಿವುಚಬೇಕಾಯಿತು. ಸರದಿಯಲ್ಲಿ ನಿಂತಿದ್ದ ಹುಡುಗಿ ಬಾಗಿಲು ಬಡಿದು, "ಒಳಗೆ ಪಾಯಸ ಮಾಡ್ತಿದೀಯಾ?" ಎಂದಳು. ಇರುವೆ ಹತ್ತಿತ್ತು ಎಂದೆ. ಕಂದು ನೀರು ತಿರುಗಿ ತಿರುಗಿ ಮೋರಿಗೆ ಹೋಯಿತು. ನೀನು ಅಂಗೈ ಉಜ್ಜಿ ಉಜ್ಜಿ ಕೂಡಿಸಿದ್ದನ್ನು ಹೀಗೆ ಹರಿಯಬಿಟ್ಟೆ ಎಂದು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಅತ್ತೆ. ಈಗ ಬಿಸಿನೀರಿನ ಚೀಲ ಹೊಟ್ಟೆಯ ಮೇಲಿದೆ. ಪ್ರಬ್ಲೀನ್ ಜಿಯಾಗ್ರಫಿ ನೋಟ್ಸನ್ನು ಗಟ್ಟಿಯಾಗಿ ಓದುತ್ತಾಳೆ, ನಾನು ಕಣ್ಣು ಮುಚ್ಚಿ ಕೇಳುತ್ತೇನೆ ಎಂದು ಒಪ್ಪಂದವಾಗಿದೆ.

ನೀನು ಇನ್ನು ಏನೂ ಕಳಿಸಬೇಡ. ಬೆಲ್ಲ ಬೇಡ, ಚಟ್ನಿಯೂ ಬೇಡ. ಫೋನಿನಲ್ಲಿ ನನ್ನ ದನಿ ಸಣ್ಣದಾಗಿದ್ದರೆ ಹೆದರಿ ಬಾಬುವಿಗೆ ಹೇಳಬೇಡ, ಓದುತ್ತಿದ್ದಾಳೆ ಎನ್ನು. ನನಗೆ ಮದುವೆ ಆಗುತ್ತದೋ, ಮಕ್ಕಳಾಗುತ್ತವೋ ಎಂದು ಈಗಲೇ ಯೋಚಿಸಲು ಶುರುಮಾಡಬೇಡ. ಡಾಕ್ಟರನ್ನು ಕೇಳಿದೆ, ಆಗಬಹುದು ಎಂದಿದ್ದಾರೆ. ಅಷ್ಟಕ್ಕೆ ನಿಲ್ಲಿಸಿದ್ದೇನೆ. ನೀನೂ ಅಷ್ಟಕ್ಕೆ ನಿಲ್ಲಿಸು.

ನಿನ್ನ ಚೆಲಿ, ನಿನ್ನ ಮಗಳು,
ಕನು

ಮತ್ತೆ ಒಂದು ಮಾತು: ಮೊನ್ನೆ ಡಾಕ್ಟರ್ ಭಾದುರಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ, ನಿನ್ನ ಹೆಸರೊಂದನ್ನು ಬಿಟ್ಟು. ಅಳತೆ ತಪ್ಪಿದರೆ ಎದೆ ಹೊಡೆದುಕೊಳ್ಳುತ್ತದೆ, ದಿಕ್ಕೆಟ್ಟ ಹಾಗೆ ಭಯವಾಗುತ್ತದೆ, ನಿನಗೆ ಆಗಲಿಲ್ಲವೇ ಎಂದು ಕೇಳಿದರು. ಇಲ್ಲ, ನೋವು ಹೋಗುವಷ್ಟೇ, ಅದಕ್ಕಿಂತ ಒಂಚೂರೂ ಹೆಚ್ಚಿರಲಿಲ್ಲ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ, "ಕೊಟ್ಟೋರು ಮೊದಲ್ನೇ ಸಲ ಕೊಟ್ಟಿಲ್ಲ ಬಿಡು. ನಿಮ್ಮಮ್ಮನಿಗೆ ಎಷ್ಟು ಮಕ್ಕಳು?" ಎಂದು ಕೇಳಿದರು. ನಾನೊಬ್ಬಳೇ ಎಂದೆ. ಈ ಕಾಯಿಲೆ ತಾಯಿಗಿದ್ದರೆ ಮಗಳಿಗೂ ಬರುವುದುಂಟು, ಒಂದು ದಿನ ಅಮ್ಮನನ್ನು ಕರೆದುಕೊಂಡು ಬಾ ಎಂದರು. ಇಜಾ, ನಾನು ನೈನಿತಾಲಿನಿಂದ ರಜೆಗೆ ಬಂದಾಗಲೆಲ್ಲ, ನೀನು ಹೊರಗಾಗಿ ಕೆಳಗಿನ ಕೋಣೆಯಲ್ಲಿರುವ ದಿನವೇ ಆಗಿರಲಿ ಎಂದು ದೇವರಲ್ಲಿ ಬೇಡುತ್ತಿದ್ದೆ. ಆ ದಿನಗಳಲ್ಲಿ ಮಾತ್ರ ನೀನು ಕಾಲು ಚಾಚಿ ಕುಳಿತು, ಸಣ್ಣ ಸಣ್ಣದಕ್ಕೂ ನಗುತ್ತ, ನನಗೆ ಕಥೆ ಹೇಳುತ್ತಿದ್ದೆ. ಪರೀಕ್ಷೆ ಮುಗಿದ ಮೇಲೆ ಮಗಳಿಗೆ ಹುಷಾರಿಲ್ಲ ಎಂದು ಬಾಬುವಿಗೆ ಹೇಳಿ ಬಸ್ಸು ಹತ್ತು. ಅದು ಸುಳ್ಳಲ್ಲ. ಇದಕ್ಕೆ ಉತ್ತರ ಬರೆಯಬೇಡ, ಬಂದು ಹೇಳು.